ಬೇಸರದ ಕೆಲಸ ಯಂತ್ರಕ್ಕೆ. ಕಲಿಯುವ ಕೆಲಸ ಯಾರಿಗೆ?

ಹತ್ತು ನಿಮಿಷದ ಒಂದು ಅನಿಮೇಷನ್ ಚಿತ್ರದ ಲೆಕ್ಕ ಹೀಗಿದೆ. ಸೆಕೆಂಡಿಗೆ 24 ಫ್ರೇಮ್‌ನಂತೆ ಒಟ್ಟು 14,400 ಫ್ರೇಮ್. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿ, ಕಸುಬಿನವರ ಮಾತಿನಲ್ಲಿ ‘ಆನ್ ಟೂಸ್’ ಮಾಡಿ ಉಳಿಸಿದರೂ 7,200 ಚಿತ್ರ ಬರೆಯಲೇಬೇಕು. ಅದೂ ತೆರೆಯ ಮೇಲೆ ಒಬ್ಬನೇ ಇದ್ದರೆ. ಪಕ್ಕದಲ್ಲೊಂದು ನಾಯಿ ಬಂದು ನಿಂತಿತೋ, ಲೆಕ್ಕ ದುಪ್ಪಟ್ಟು. ಪ್ರತಿ ಚಿತ್ರಕ್ಕೂ ಮೊದಲು ಒರಟು ಗೆರೆ, ಅದರ ಮೇಲೆ ಅಚ್ಚುಕಟ್ಟಾದ ಗೆರೆ, ಆಮೇಲೆ ಬಣ್ಣ, ಕೊನೆಗೆ ಹಿನ್ನೆಲೆಯ ಜೊತೆ ಕೂಡಿಸುವುದು. ಇದರಲ್ಲಿ ಕಲೆ ಎಷ್ಟು, ಕೂಲಿ ಎಷ್ಟು ಎಂಬ ಪ್ರಶ್ನೆಗೆ ಅನಿಮೇಷನ್‌ನಷ್ಟೇ ವಯಸ್ಸಾಗಿದೆ. ಆ ಕೂಲಿಯನ್ನು ಕಂಪ್ಯೂಟರು ಅರ್ಧ ಶತಮಾನದಿಂದ ಸ್ವಲ್ಪ ಸ್ವಲ್ಪವಾಗಿ ಎತ್ತಿಕೊಳ್ಳುತ್ತ ಬಂದಿತ್ತು. ಎಐ ಬಂದ ಮೇಲೆ ಪೂರ್ತಿಯಾಗಿಯೇ ಎತ್ತಿಕೊಳ್ಳುವ ಮಾತು ಶುರುವಾಗಿದೆ.

ಕೊಡಗಿನಲ್ಲಿ ಸ್ಟುಡಿಯೊಗಳ ಸಾಲೇನೂ ಇಲ್ಲ. ಆದರೆ ಚಿತ್ರ ಬರೆಯುವ ಕೈ ಇರುವ ಹುಡುಗ ಹುಡುಗಿಯರು ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದ ಬೆಂಗಳೂರಿನ ಬಸ್ಸು ಹತ್ತುತ್ತಲೇ ಇದ್ದಾರೆ. ಅಲ್ಲಿ ಅವರಿಗೆ ಮೊದಲು ಸಿಗುವುದು ನಾಯಕನನ್ನು ಕುಣಿಸುವ ಕೆಲಸವಲ್ಲ. ಸಿಗುವುದು ರೋಟೊ, ಅಂದರೆ ನಟನ ಅಂಚಿಗೆ ಫ್ರೇಮ್ ಫ್ರೇಮಿಗೂ ಗೆರೆ ಹಾಕಿ ಹಿನ್ನೆಲೆಯಿಂದ ಬಿಡಿಸುವುದು. ಇಲ್ಲವೇ ಪೇಂಟ್: ಸಾಹಸ ದೃಶ್ಯದ ತಂತಿ, ಅಡ್ಡ ಬಂದ ಕಂಬ ಇಂಥವನ್ನು ಅಳಿಸುವುದು. ಇಲ್ಲವೇ ಕ್ಲೀನಪ್, ಇನ್‌ಬಿಟ್ವೀನ್: ಹಿರಿಯರು ಬರೆದ ಒರಟು ಗೆರೆ ತಿದ್ದುವುದು, ಅವರ ಎರಡು ಮುಖ್ಯ ಚಿತ್ರಗಳ ನಡುವಿನ ಚಿತ್ರಗಳನ್ನು ತುಂಬುವುದು. ಇನ್ನು ಕೆಲವರು ಊರಲ್ಲೇ ಉಳಿದು, ತೋಟದ ಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಇದೇ ಕೆಲಸವನ್ನು ಬಿಡಿಬಿಡಿಯಾಗಿ ಹಿಡಿದು ಮಾಡುತ್ತಾರೆ. ಇಬ್ಬರ ಅನ್ನವೂ ಹುಟ್ಟುವುದು ಬೇಸರದ ಕೆಲಸದಿಂದಲೇ. ಹಾಗಾಗಿ ‘ಬೇಸರದ ಕೆಲಸವನ್ನೆಲ್ಲ ಇನ್ನು ಯಂತ್ರವೇ ಮಾಡುತ್ತದೆ’ ಎಂಬ ಸುದ್ದಿ ಇಲ್ಲಿ ಎರಡು ಥರ ಕೇಳಿಸುತ್ತದೆ.

ಈ ಚರ್ಚೆ ನಡೆಯುವ ಕಡೆಯಲ್ಲೆಲ್ಲ ಬೇಸರದ ಕೆಲಸ ಅಂದರೆ ಒಂದೇ ಮೂಟೆ ಎಂದು ಹಿಡಿದೇ ಮಾತಾಡುತ್ತಾರೆ. ಮೂಟೆ ಬಿಚ್ಚಿದರೆ ಒಳಗೆ ಎರಡು ಜಾತಿ ಕಾಣುತ್ತದೆ. ಒಂದರಲ್ಲಿ ತೀರ್ಮಾನ ಆಗಲೇ ಆಗಿರುತ್ತದೆ, ಕೈ ಅದನ್ನು ಜಾರಿ ಮಾಡುತ್ತದೆ ಅಷ್ಟೆ. ಇನ್ನೊಂದರಲ್ಲಿ ನೋಡುವವರಿಗೆ ಬರೀ ದುಡಿಮೆ ಕಂಡರೂ ಪ್ರತಿ ಗೆರೆಯಲ್ಲೂ ಸಣ್ಣದೊಂದು ತೀರ್ಮಾನ ಅಡಗಿರುತ್ತದೆ. ಮೊದಲನೆಯದನ್ನು ಯಂತ್ರಕ್ಕೆ ಕೊಟ್ಟರೆ ಯಾರೂ ಅಳಬೇಕಿಲ್ಲ.

ಬಣ್ಣ ತುಂಬುವುದು ಆ ಮೊದಲ ಜಾತಿ. ಹಿಂದೆ ಪಾರದರ್ಶಕ ಸೆಲ್ ಹಾಳೆಯ ಮೇಲೆ ಗೆರೆಯನ್ನು ಶಾಯಿಯಲ್ಲಿ ನಕಲು ಮಾಡಿ, ಹಾಳೆ ತಿರುಗಿಸಿ ಹಿಂಬದಿಯಿಂದ ಬಣ್ಣ ಹಚ್ಚುತ್ತಿದ್ದರು. ಡಿಸ್ನಿಯಲ್ಲಿ ಈ ವಿಭಾಗದ ತುಂಬ ಹೆಂಗಸರೇ ಇದ್ದರು. 1961ರ ಹೊತ್ತಿಗೆ ಅಲ್ಲಿ ಇಡೀ ಚಿತ್ರವೊಂದರ ಗೆರೆಗಳನ್ನೆಲ್ಲ ಜೆರಾಕ್ಸ್ ಯಂತ್ರವೇ ಸೆಲ್‌ಗೆ ಇಳಿಸತೊಡಗಿತ್ತು. ನೂರೊಂದು ಚುಕ್ಕೆ ನಾಯಿಗಳ ಕಥೆ ಅದು. ಚುಕ್ಕೆ ಚುಕ್ಕೆಯನ್ನೂ ಕೈಯಲ್ಲಿ ನಕಲು ಮಾಡಿದ್ದರೆ ಚಿತ್ರ ಮುಗಿಯುವುದೇ ಕಷ್ಟವಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಲೆವಾಯ್ ರೂಪಿಸಿದ ಕಂಪ್ಯೂಟರ್ ಬಣ್ಣದ ವ್ಯವಸ್ಥೆಯನ್ನು ಎಂಬತ್ತರ ದಶಕದಲ್ಲಿ ಹಾನಾ-ಬಾರ್ಬೆರಾ ಸಂಸ್ಥೆ ಟಿವಿ ಕಾರ್ಟೂನುಗಳಿಗೆ ಬಳಸಿತು. ಡಿಸ್ನಿ ಮತ್ತು ಪಿಕ್ಸಾರ್ ಸೇರಿ ಕಟ್ಟಿದ ‘ಕ್ಯಾಪ್ಸ್’ ಎಂಬ ಕಂಪ್ಯೂಟರ್ ವ್ಯವಸ್ಥೆ 1990ರಲ್ಲಿ ಪೂರ್ಣ ಪ್ರಮಾಣದ ಚಿತ್ರವೊಂದರಿಂದ ಸೆಲ್ ಹಾಳೆಯನ್ನೇ ಓಡಿಸಿತು.

ಇದರ ಲಾಭ ವೇಗ ಮಾತ್ರವಲ್ಲ. ಒಂದು ದೃಶ್ಯದ 400 ಚಿತ್ರಗಳಲ್ಲಿ ಅಜ್ಜಿಯ ಸೀರೆಗೆ ಕೆಂಪು ತುಂಬಿಯಾಗಿದೆ ಎನ್ನಿ. ನಿರ್ದೇಶಕರು ಬಂದು, ಹಿನ್ನೆಲೆಯ ಕಾಫಿ ಹಣ್ಣಿನ ಜೊತೆ ಈ ಕೆಂಪು ಕಲಸಿಹೋಗುತ್ತಿದೆ, ಮರೂನ್ ಮಾಡಿ ಅನ್ನುತ್ತಾರೆ. ಸೆಲ್ ಕಾಲದಲ್ಲಾಗಿದ್ದರೆ ಆ ಮಾತನ್ನು ನುಂಗಿಕೊಳ್ಳಬೇಕಿತ್ತು. ಓಪನ್‌ಟೂನ್ಜ್‌ನಂಥ ತಂತ್ರಾಂಶದಲ್ಲಿ ಚಿತ್ರದೊಳಗೆ ಕೂತಿರುವುದು ಬಣ್ಣವಲ್ಲ, ಬಣ್ಣದ ಪಟ್ಟಿಯ ಒಂದು ಸಂಖ್ಯೆ. ಪಟ್ಟಿಯಲ್ಲಿ ಒಂದು ಕಡೆ ಬದಲಾಯಿಸಿದರೆ ನಾನೂರರಲ್ಲೂ ಬದಲಾಯಿತು. ಅಂದರೆ ತಡವಾಗಿ ಮನಸ್ಸು ಬದಲಿಸುವ ಹಕ್ಕು ಕಲಾವಿದನಿಗೆ ಸಿಕ್ಕಿತು. ಯಾಂತ್ರೀಕರಣವನ್ನು ಹೊಗಳಬೇಕಾದರೆ ನಾನು ಹೊಗಳುವುದು ಇದಕ್ಕೆ. ಓಪನ್‌ಟೂನ್ಜ್ 2016ರಿಂದ ಉಚಿತ. ಜಪಾನಿನ ಘಿಬ್ಲಿ ಸ್ಟುಡಿಯೊ ತನ್ನ ಅಗತ್ಯಕ್ಕೆ ಒಗ್ಗಿಸಿಕೊಂಡಿದ್ದ ಟೂನ್ಜ್ ಎಂಬ ತಂತ್ರಾಂಶದ ರೂಪವೇ ಅದರ ಬುಡ. ಸಿದ್ದಾಪುರದ ಹುಡುಗನೂ ಇಳಿಸಿಕೊಂಡು ಬಳಸಬಹುದು.

ಕಡತಗಳಿಗೆ ಹೆಸರಿಡುವುದು, ಫೋಲ್ಡರು ವಿಂಗಡಿಸುವುದು, ರಾತ್ರಿಯಿಡೀ ರೆಂಡರ್ ಓಡಿಸುವುದು, ಅಂದರೆ ಕಂಪ್ಯೂಟರಿನಿಂದ ಅಂತಿಮ ಚಿತ್ರಗಳನ್ನು ತೆಗೆಸುವುದು, ಇದೇ ಗುಂಪಿಗೆ ಸೇರಿದವು. ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದಲ್ಲಿ ಪೈಥಾನ್ ಭಾಷೆಯ ಹತ್ತು ಸಾಲಿನ ಪ್ರೋಗ್ರಾಂ ಬರೆದರೆ ಅರ್ಧ ದಿನದ ಕ್ಲಿಕ್ಕುಗಳು ಮಾಯ. ಇಲ್ಲೊಂದು ಊರಿನ ಅನುಭವ ಹೇಳಬೇಕು. ಜುಲೈ, ಆಗಸ್ಟಿನಲ್ಲಿ ಮಡಿಕೇರಿಯ ಕಡೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳುವವರಿಲ್ಲ. ರೆಂಡರನ್ನು ನೇರವಾಗಿ ಒಂದು ವಿಡಿಯೊ ಫೈಲಾಗಿ ಕೊಟ್ಟು ಮಲಗಿದರೆ, ಮಧ್ಯದಲ್ಲಿ ಕರೆಂಟು ಹೋದದ್ದೇ ಆ ಫೈಲು ಹಾಳು, ರಾತ್ರಿಯೂ ಹಾಳು. ಅದಕ್ಕೇ ಬಲ್ಲವರು ಬಿಡಿ ಚಿತ್ರಗಳ ಸರಣಿಯಾಗಿ ಕೊಡುತ್ತಾರೆ. 612ನೇ ಫ್ರೇಮಿಗೆ ನಿಂತಿದ್ದರೆ, ಆಗಲೇ ಇರುವ ಫೈಲುಗಳನ್ನು ಬಿಟ್ಟು ಮುಂದಿನದರಿಂದ ಹಿಡಿ ಎಂದು ಒಂದು ಗುರುತು ಹಾಕಿದರೆ ಸಾಕು. ಮಳೆನಾಡಿನ ಆಟೊಮೇಷನ್‌ಗೆ ಇದೇ ಮೊದಲ ಪಾಠ. ಯಾವ ಕೋರ್ಸಿನಲ್ಲೂ ಇದನ್ನು ಮೊದಲ ದಿನ ಹೇಳಿಕೊಡುವುದಿಲ್ಲ.

ಇಲ್ಲಿಯವರೆಗೆ ಜಗಳವಿಲ್ಲ. ಜಗಳ ಇರುವುದು ಇನ್‌ಬಿಟ್ವೀನ್‌ನಲ್ಲಿ.

ಎರಡು ಮುಖ್ಯ ಚಿತ್ರ ಕೊಟ್ಟರೆ ನಡುವಿನದನ್ನು ಕಂಪ್ಯೂಟರ್ ತುಂಬಲಿ ಎಂಬ ಆಸೆ ಹೊಸದಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ನೆಸ್ಟರ್ ಬರ್ಟ್‌ನಿಕ್ ಮತ್ತು ಮಾರ್ಸೆಲಿ ವೈನ್ ಈ ವ್ಯವಸ್ಥೆಯನ್ನು ಕಟ್ಟಿದ್ದರು. ಅದನ್ನು ಬಳಸಿ ಪೀಟರ್ ಫೋಲ್ಡೆಸ್ 1974ರಲ್ಲಿ ಹಸಿವಿನ ಮೇಲೊಂದು ಕಿರುಚಿತ್ರ ಮಾಡಿದರು, ಅದು ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಆ ಚಿತ್ರದಲ್ಲಿ ಆಕಾರಗಳು ಒಂದರೊಳಗೊಂದು ಕರಗಿ ಹರಿಯುತ್ತವೆ. ಆ ಕಥೆಗೆ ಅದು ಒಪ್ಪಿತು. ಎಲ್ಲ ಕಥೆಗೂ ಒಪ್ಪುವುದಿಲ್ಲ.

ಯಾಕೆ ಒಪ್ಪುವುದಿಲ್ಲ ಎಂಬುದಕ್ಕೆ ಕೊಡವರ ಕುಣಿತವಾದ ಬೊಳಕಾಟ್‌ನ ಒಂದು ಚಲನೆಯನ್ನೇ ಹಿಡಿಯೋಣ. ದೀಪದ ಸುತ್ತ ಕೊಡವರ ಉಡುಪಾದ ಕುಪ್ಯ ಚೇಲೆ ತೊಟ್ಟು ಚೌರಿ ಹಿಡಿದು ಆಡುವ ಒಬ್ಬನ ಕೈ. ಮೊದಲ ಮುಖ್ಯ ಚಿತ್ರದಲ್ಲಿ ಕೈ ಪಕ್ಕಕ್ಕೆ ನೇರವಾಗಿ ಚಾಚಿದೆ. ಎರಡನೆಯದರಲ್ಲಿ ತಲೆಯ ಮೇಲಕ್ಕೆ ನೇರ ನಿಂತಿದೆ. ಕೈಯ ಉದ್ದ ಕಾಗದದ ಮೇಲೆ 100 ಮಿಲಿಮೀಟರ್. ಕಂಪ್ಯೂಟರಿಗೆ ಬರೀ ಬಿಂದುಗಳು ಗೊತ್ತು. ಬೆರಳ ತುದಿಯನ್ನು ಮೊದಲ ಜಾಗದಿಂದ ಎರಡನೆಯದಕ್ಕೆ ಸರಳರೇಖೆಯಲ್ಲಿ ಒಯ್ಯುತ್ತದೆ. ಸರಿಯಾಗಿ ನಡುವಿನ ಚಿತ್ರದಲ್ಲಿ ಭುಜದಿಂದ ಬೆರಳಿಗೆ ಅಳೆದು ನೋಡಿ: ಸುಮಾರು 71 ಮಿಲಿಮೀಟರ್. ಕೈ ಮುಕ್ಕಾಲಿಗಿಂತ ಗಿಡ್ಡವಾಗಿ, ಮತ್ತೆ ಉದ್ದವಾಗುತ್ತದೆ. ನೋಡುವವನಿಗೆ ಲೆಕ್ಕ ತಿಳಿಯದು, ಆದರೆ ಏನೋ ರಬ್ಬರಿನ ಹಾಗಿದೆ ಅನ್ನುವುದು ತಕ್ಷಣ ತಿಳಿಯುತ್ತದೆ. ಬರೆಯುವ ಕೈ ಇದನ್ನು ಯೋಚಿಸದೆಯೇ ಕಮಾನಿನಲ್ಲಿ ಒಯ್ಯುತ್ತದೆ.

ಈ ಮೊದಲ ತೊಡಕನ್ನು ಅವರೇ ಬಿಡಿಸಿದರು. ಚಿತ್ರದೊಳಗೆ ಒಂದು ಅಸ್ಥಿಪಂಜರ ಕೊಟ್ಟು ಅದನ್ನು ತಿರುಗಿಸುವ ವಿಧಾನವನ್ನು ಬರ್ಟ್‌ನಿಕ್ ಮತ್ತು ವೈನ್ 1976ರಲ್ಲಿ ಪ್ರಕಟಿಸಿದರು. ಇಂದು ಎಲ್ಲರೂ ‘ರಿಗ್’ ಅನ್ನುವುದು ಆ ದಾರಿಯಲ್ಲೇ ಬಂದದ್ದು. ಮೂಳೆ ತಿರುಗಿದರೆ ಕೈ ಗಿಡ್ಡವಾಗುವುದಿಲ್ಲ. ಆದರೆ ಎರಡನೆಯ ತೊಡಕು ಗಟ್ಟಿ. ಮುಂದೆ ಪಿಕ್ಸಾರ್‌ನ ಸಹಸ್ಥಾಪಕರಾದ ಎಡ್ ಕ್ಯಾಟ್ಮಲ್ 1978ರಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿಟ್ಟರು. ಅನಿಮೇಟರನ ಮನಸ್ಸಿನಲ್ಲಿ ಇರುವುದು ದುಂಡಗಿನ, ಮೂರು ಆಯಾಮದ ಪಾತ್ರ. ಕಾಗದದ ಮೇಲೆ ಇಳಿಯುವುದು ಅದರ ಚಪ್ಪಟೆ ರೂಪ. ಇಳಿಯುವಾಗ ಕಳೆದುಹೋದ ಮಾಹಿತಿಯನ್ನು ಪ್ರೋಗ್ರಾಂ ಎಲ್ಲಿಂದ ತರಬೇಕು? ತಲೆ ಎಡದಿಂದ ಬಲಕ್ಕೆ ಹೊರಳುವಾಗ ಮರೆಯಾಗುವ ಕಿವಿ, ಹೊಸದಾಗಿ ಕಾಣುವ ಕೆನ್ನೆ ಆ ಎರಡು ಚಿತ್ರಗಳಲ್ಲಿ ಎಲ್ಲೂ ಇಲ್ಲ. ಇನ್‌ಬಿಟ್ವೀನರ್ ಅದನ್ನು ತನ್ನ ತಿಳಿವಳಿಕೆಯಿಂದ ತಂದು ಹಾಕುತ್ತಾನೆ. ಸಂಬಳದ ಪಟ್ಟಿಯಲ್ಲಿ ಅವನ ಹೆಸರು ಕೆಳಗಿರುತ್ತದೆ ಅನ್ನುವುದು ಬೇರೆ ಮಾತು.

ಮೂರನೆಯದು ವೇಗ. ಬೊಳಕಾಟ್‌ನಲ್ಲಿ ಕೈ ಮೇಲೇರುವಾಗ ಭುಜ ಮೊದಲು ಹೊರಡುತ್ತದೆ, ಮೊಣಕೈ ಆಮೇಲೆ, ಮಣಿಕಟ್ಟು ಇನ್ನೂ ಆಮೇಲೆ. ಕೈ ನಿಂತ ಮೇಲೂ ಚೌರಿಯ ಕೂದಲು ಎರಡು ಮೂರು ಫ್ರೇಮ್ ತಡವಾಗಿ ಬಂದು ಬೀಳುತ್ತದೆ. ಕೂದಲನ್ನು ಭೌತಶಾಸ್ತ್ರದ ಸಿಮ್ಯುಲೇಷನ್‌ಗೆ ಬಿಡಬಹುದು, ಬಿಡಲೇಬೇಕು. ಆದರೆ ಕೈ ಎಲ್ಲಿ ಅರೆಕ್ಷಣ ತಡೆಯಬೇಕು, ಎಲ್ಲಿ ಬೀಸಬೇಕು ಅನ್ನುವುದು ಆಡುವವನು ಯುವಕನೋ ಎಪ್ಪತ್ತರ ಅಜ್ಜನೋ ಎಂಬುದರ ಮೇಲೆ ನಿಂತಿದೆ. ವಿಜಯದಶಮಿಯ ರಾತ್ರಿ ಮಡಿಕೇರಿ ದಸರಾದ ದಶಮಂಟಪ ಮೆರವಣಿಗೆ ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಟ್ರ್ಯಾಕ್ಟರಿನ ಮೇಲೆ ಬರುವ ಮಂಟಪದಲ್ಲಿ ಮಹಿಷಾಸುರನ ಕೈ ಮೋಟಾರಿನ ಒಂದೇ ವೇಗದಲ್ಲಿ ಏರಿ ಇಳಿದರೆ ಜನ ಮುಂದಿನ ಮಂಟಪದ ಕಡೆ ನಡೆಯುತ್ತಾರೆ. ಅದೇ ಕೈ ಒಂದು ಗಳಿಗೆ ತಡೆದು, ದೀಪ ಕೆಂಪಾಗಿ, ತಮಟೆ ನಿಂತು, ಆಮೇಲೆ ಬೀಸಿತೋ, ರಸ್ತೆ ತುಂಬ ಕೇಕೆ. ಮೋಟಾರು ಅದೇ. ತಡೆಯಬೇಕು ಎಂದು ತೀರ್ಮಾನಿಸಿದವರು ಮಂಟಪ ಸಮಿತಿಯ ಹುಡುಗರು.

ಈಗಿನ ಎಐ ಈ ತೀರ್ಮಾನಗಳನ್ನೂ ಊಹಿಸಲು ನೋಡುತ್ತದೆ ಎಂಬುದೇ ಹಳೆಯ ಯಾಂತ್ರೀಕರಣಕ್ಕೂ ಇದಕ್ಕೂ ಇರುವ ವ್ಯತ್ಯಾಸ. 2024ರಲ್ಲಿ ಹೊರಬಂದ ಟೂನ್‌ಕ್ರಾಫ್ಟರ್‌ನಂಥ ಮಾದರಿಗಳು ಎರಡು ಕಾರ್ಟೂನ್ ಚಿತ್ರ ಕೊಟ್ಟರೆ ನಡುವಿನ ಚಲನೆಯನ್ನು ತಾವೇ ಹುಟ್ಟಿಸುತ್ತವೆ. ಕ್ಯಾಟ್ಮಲ್ ಹೇಳಿದ ಕಳೆದುಹೋದ ಕಿವಿ, ಕೆನ್ನೆಗಳನ್ನು ಲಕ್ಷಾಂತರ ವಿಡಿಯೊ ನೋಡಿದ ನೆನಪಿನಿಂದ ತುಂಬುತ್ತವೆ. ಎಷ್ಟೋ ಸಲ ಚೆನ್ನಾಗಿಯೇ ತುಂಬುತ್ತವೆ, ಇದನ್ನು ಒಪ್ಪಿಕೊಳ್ಳದೆ ಮಾತಾಡುವುದು ಹಟವಾಗುತ್ತದೆ. ಕಷ್ಟ ಬರುವುದು ಆ ನೆನಪಿನಲ್ಲಿ ಇಲ್ಲದ ಜಾಗದಲ್ಲಿ. ಕೊಡವ ಹೆಂಗಸರ ಸೀರೆಯ ನೆರಿಗೆ ಹಿಂದೆ ಇರುತ್ತದೆ. ಚಿತ್ರ ಹುಟ್ಟಿಸುವ ಯಂತ್ರವನ್ನು ಕೇಳಿದರೆ ನೆರಿಗೆಯನ್ನು ಸಲೀಸಾಗಿ ಮುಂದಕ್ಕೆ ತಂದು ಇಡುತ್ತದೆ, ಯಾಕೆಂದರೆ ಅದು ನೋಡಿದ ಸೀರೆಗಳಲ್ಲಿ ಹೆಚ್ಚಿನವು ಹಾಗೆಯೇ. ಒಂದು ಚಿತ್ರವಾದರೆ ತಿದ್ದಬಹುದು. ಹೆಂಗಸು ತಿರುಗುವ ನಲವತ್ತು ಫ್ರೇಮ್‌ಗಳಲ್ಲಿ ನೆರಿಗೆ ಹಿಂದಿನಿಂದ ಮುಂದಕ್ಕೆ ಜಾರಿಬಂದರೆ ತಿದ್ದುವ ಕೆಲಸ ಬರೆಯುವ ಕೆಲಸಕ್ಕಿಂತ ದೊಡ್ಡದು. ಬಣ್ಣದ ಪಟ್ಟಿಯ ಹಾಗೆ ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗುವ ಅನುಕೂಲ ಇಲ್ಲಿಲ್ಲ. ಮತ್ತೆ ಕೇಳಬೇಕು, ಬಂದದ್ದನ್ನು ನೋಡಬೇಕು, ಮತ್ತೆ ಕೇಳಬೇಕು. ಇದೂ ಬೇಸರದ ಕೆಲಸವೇ. ಹೆಸರು ಬೇರೆ.

ಎಐ ಅಂದಕೂಡಲೇ ಹೀಗೆ ಆಗಲೇಬೇಕು ಅಂತಿಲ್ಲ. 2018ರ ‘ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್’ ಚಿತ್ರದಲ್ಲಿ ಮುಖದ ಮೇಲಿನ ಕಾಮಿಕ್ಸ್ ಗೆರೆಗಳನ್ನು ಮೊದಲು ಕಲಾವಿದರು ಬರೆದರು. ಅವರ ಕೈಯನ್ನು ನೋಡಿ ಕಲಿತ ಪ್ರೋಗ್ರಾಂ ಮುಂದಿನ ಫ್ರೇಮಿನಲ್ಲಿ ಗೆರೆ ಎಲ್ಲಿ ಬರಬಹುದು ಎಂದು ಊಹಿಸಿ ಇಟ್ಟಿತು. ಇಟ್ಟ ಗೆರೆಯನ್ನು ಕಲಾವಿದ ಹಿಡಿದು ಎಳೆದು ಸರಿ ಮಾಡಬಹುದಿತ್ತು. ಕಲಿತದ್ದು ಯಾರ ಕೈಯಿಂದ, ತಿದ್ದಲು ಜಾಗ ಉಂಟೋ ಇಲ್ಲವೋ, ಈ ಎರಡು ಪ್ರಶ್ನೆ ಕೇಳಿದರೆ ಯಾವ ಉಪಕರಣ ಹಿಡಿಯಬಹುದು ಅನ್ನುವುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ತುಟಿಚಲನೆಯದೂ ಒಂದು ಮಾತು, ಕನ್ನಡಕ್ಕೆ ಸಂಬಂಧಿಸಿದ್ದು. ಧ್ವನಿ ಕೊಟ್ಟರೆ ಬಾಯಿಯ ಆಕಾರಗಳನ್ನು ಸಾಲಾಗಿ ಕೊಡುವ ರುಬಾರ್ಬ್ ಎಂಬ ಉಚಿತ ಉಪಕರಣವಿದೆ. ಆರು ಮೂಲ ಆಕಾರ, ಬೇಕಾದರೆ ಇನ್ನೂ ಮೂರು. ಇಂಗ್ಲಿಷಿಗೆ ಅದರ ಬಳಿ ಪದಗಳ ತಿಳಿವಳಿಕೆ ಇದೆ. ಉಳಿದ ಭಾಷೆಗೆ ಬರೀ ಧ್ವನಿ ಕೇಳಿ ಅಂದಾಜು ಮಾಡುತ್ತದೆ. ನಾಲಗೆ ಮಡಿಸಿ ಹೇಳುವ ಕನ್ನಡದ ಮೂರ್ಧನ್ಯಗಳು ಬಾಯಿಯ ಒಳಗೇ ಆಗಿಹೋಗುವುದರಿಂದ ತೊಂದರೆಯಿಲ್ಲ, ಳಕಾರ ತುಟಿಯ ಮೇಲೆ ಕಾಣುವುದಿಲ್ಲ. ಕೈಕೊಡುವುದು ಒತ್ತಕ್ಷರ. ‘ಅಪ್ಪ’, ‘ಅಮ್ಮ’, ‘ಹಬ್ಬ’ ಅನ್ನುವಾಗ ತುಟಿ ಮುಚ್ಚಿಕೊಂಡು ಒಂದು ಕ್ಷಣ ಹಾಗೇ ನಿಲ್ಲುತ್ತದೆ. ಉಪಕರಣ ಅದನ್ನು ಒಂಟಿ ಪಕಾರದ ಹಾಗೆ ಚಕ್ಕನೆ ಮುಚ್ಚಿ ತೆರೆದರೆ ಪಾತ್ರ ಬೇರೆ ಭಾಷೆಯಿಂದ ಡಬ್ ಆದಂತೆ ಕಾಣುತ್ತದೆ. ನನ್ನ ರೂಢಿ ಇಷ್ಟೇ: ಮೊದಲ ಸುತ್ತು ಉಪಕರಣಕ್ಕೆ, ಆಮೇಲೆ ಒತ್ತಕ್ಷರಗಳನ್ನು ಮಾತ್ರ ಹುಡುಕಿ ಕೈಯಲ್ಲಿ ಹಿಗ್ಗಿಸುವುದು. ಅರ್ಧ ದಿನದ ಕೆಲಸ ಒಂದು ಗಂಟೆಗೆ ಇಳಿಯುತ್ತದೆ. ಕೊಡವರ ಭಾಷೆಯಾದ ಕೊಡವ ತಕ್ಕ್‌ನ ಸ್ವರಗಳಿಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು.

ಇನ್ನು ಹೊಟ್ಟೆಪಾಡಿನ ವಿಷಯ. ರೋಟೊ, ಪೂರ್ತಿ ಹೆಸರು ರೋಟೊಸ್ಕೋಪ್, ನೂರು ವರ್ಷ ದಾಟಿದ ತಂತ್ರ, ಮ್ಯಾಕ್ಸ್ ಫ್ಲೈಷರ್ ಅದಕ್ಕೆ 1917ರಲ್ಲಿ ಪೇಟೆಂಟ್ ಪಡೆದರು. ಹಾಲಿವುಡ್ ಚಿತ್ರಗಳ ರೋಟೊ ಕೆಲಸದ ದೊಡ್ಡ ಪಾಲು ಇತ್ತೀಚಿನ ವರ್ಷಗಳಲ್ಲಿ ಭಾರತದಲ್ಲಿ ನಡೆಯುತ್ತಿತ್ತು. ಮೆಟಾ ಕಂಪನಿ 2023ರಲ್ಲಿ ಸ್ಥಿರಚಿತ್ರಕ್ಕೆ, 2024ರಲ್ಲಿ ವಿಡಿಯೊಗೆ ಬಿಟ್ಟ ‘ಸೆಗ್ಮೆಂಟ್ ಎನಿಥಿಂಗ್’ ಮಾದರಿಗಳಲ್ಲಿ ವ್ಯಕ್ತಿಯ ಮೇಲೆ ಒಂದು ಕ್ಲಿಕ್ ಮಾಡಿದರೆ ಅಂಚು ಬಿಡಿಸಿಕೊಡುತ್ತದೆ. ಕೂದಲಿನ ಅಂಚು, ಓಡುವಾಗ ಮಸುಕಾಗುವ ಕೈ ಇಂಥ ಕಡೆ ಇನ್ನೂ ಮನುಷ್ಯ ಬೇಕು. ಆದರೆ ಹತ್ತು ಜನರ ಬದಲು ಇಬ್ಬರು ಸಾಕು. ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೇಳೆ, ಅಂದರೆ ಕಾಫಿ ಬೀಜ, ಆರಿಸುವ ಹೆಂಗಸರ ಜಾಗಕ್ಕೆ ಕಲರ್ ಸಾರ್ಟರ್ ಬಂದಾಗಲೂ ಆದದ್ದು ಹೀಗೆಯೇ. ವ್ಯತ್ಯಾಸ ಒಂದಿದೆ. ಬೇಳೆ ಆರಿಸುತ್ತ ಯಾರೂ ತೋಟದ ಮಾಲೀಕರಾಗುತ್ತಿರಲಿಲ್ಲ. ಇನ್‌ಬಿಟ್ವೀನ್ ಮಾಡುತ್ತ ಮಾತ್ರ ಜನ ಅನಿಮೇಟರಾಗುತ್ತಿದ್ದರು. ಹಿರಿಯರ ಎರಡು ಚಿತ್ರಗಳ ನಡುವೆ ಸಾವಿರ ಸಲ ಕೂತೆದ್ದ ಮೇಲೆ ಆ ಎರಡು ಚಿತ್ರ ಯಾಕೆ ಅಲ್ಲೇ ಇವೆ ಅನ್ನುವುದು ಕೈಗೆ ಹತ್ತುತ್ತಿತ್ತು. ಆ ಕೂಲಿಯೇ ಶಾಲೆಯಾಗಿತ್ತು, ಅದೂ ಶುಲ್ಕ ಕಟ್ಟದೆ ಸಂಬಳ ಪಡೆದು ಓದುವ ಶಾಲೆ. ಕಾಫಿ ಬೆಲೆ ಏನೇ ಇರಲಿ, ಡಿಪ್ಲೊಮಾ ಶುಲ್ಕ ಕಟ್ಟಲಾರದ, ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳಿಗೆ ಇದ್ದ ಬಾಗಿಲು ಅದೊಂದೇ.

ಕೆಲಸ ಹೋದದ್ದೆಲ್ಲ ಎಐಯಿಂದಲೇ ಎಂದು ಹೇಳುವುದೂ ತಪ್ಪು. 2025ರ ಫೆಬ್ರುವರಿಯಲ್ಲಿ ವಿಷುಯಲ್ ಎಫೆಕ್ಟ್ಸ್ ಮಾಡುತ್ತಿದ್ದ ಟೆಕ್ನಿಕಲರ್ ಸಮೂಹ ಕುಸಿದು ಅದರ ಬೆಂಗಳೂರಿನ ಬಾಗಿಲು ಮುಚ್ಚಿದಾಗ ಬೀದಿಗೆ ಬಿದ್ದವರನ್ನು ಬೀಳಿಸಿದ್ದು ಯಂತ್ರವಲ್ಲ. ಸಮೂಹದ ಹಣಕಾಸಿನ ಬಿಕ್ಕಟ್ಟು, 2023ರ ಹಾಲಿವುಡ್ ಮುಷ್ಕರದ ನಂತರ ಸೊರಗಿದ ಕೆಲಸ ಅದಕ್ಕೆ ಕಾರಣ. ಹೊರದೇಶದ ಕೂಲಿಯನ್ನೇ ನಂಬಿ ಕಟ್ಟಿದ ಮನೆ ಹೇಗೆ ಬೀಳುತ್ತದೆ ಅನ್ನುವುದಕ್ಕೆ ಅದು ಪುರಾವೆ.

ಇದಕ್ಕೆ ಎದುರಾಗಿ ಹೇಳುವವರು ಲಾಟ್ವಿಯಾದ ಉದಾಹರಣೆ ಕೊಡುತ್ತಾರೆ. ಗಿಂಟ್ಸ್ ಜಿಲ್ಬಲೊಡಿಸ್ ಅವರ ‘ಫ್ಲೋ’ ಪೂರ್ತಿ ಉಚಿತ ಬ್ಲೆಂಡರ್‌ನಲ್ಲೇ ರೆಂಡರ್ ಆಗಿ 2025ರಲ್ಲಿ ಆಸ್ಕರ್ ಗೆದ್ದಿತು. ಸಣ್ಣ ತಂಡ, ಸಣ್ಣ ದೇಶ. ಪೊನ್ನಂಪೇಟೆಯಿಂದಲೂ ಆಗಬಾರದೇಕೆ? ಆಗಬಹುದು. ಆದರೆ ಆ ‘ಸಣ್ಣ’ ಬಜೆಟ್ಟೂ ಸುಮಾರು 35 ಲಕ್ಷ ಯೂರೊ, ಹಿಡಿದದ್ದು ಐದು ವರ್ಷಕ್ಕೂ ಹೆಚ್ಚು, ಹಿಂದೆ ಯೂರೋಪಿನ ಸರ್ಕಾರಿ ನಿಧಿಗಳಿದ್ದವು. ಉಪಕರಣ ಉಚಿತವಾದ ಮಾತ್ರಕ್ಕೆ ಸಮಯ ಉಚಿತವಾಗುವುದಿಲ್ಲ.

ಸಮಯದ ಬೆಲೆಯೇ ಈಗಿನ ಗಂಟು. ಈ ಉದ್ಯಮದಲ್ಲಿ ರೋಟೊ, ಪೇಂಟ್ ಕೆಲಸಕ್ಕೆ ದರ ಕಟ್ಟುವುದು ‘ಮ್ಯಾನ್-ಡೇ’ ಲೆಕ್ಕದಲ್ಲಿ. ಮೂರು ದಿನದ ಶಾಟ್ ಯಂತ್ರದ ನೆರವಿನಿಂದ ಒಂದೇ ದಿನಕ್ಕೆ ಮುಗಿದರೆ ಬಿಲ್ಲೂ ಮೂರರಲ್ಲಿ ಒಂದು ಪಾಲಾಗುತ್ತದೆ. ಉಪಕರಣದ ಚಂದಾ, ಹೊಸ ಗ್ರಾಫಿಕ್ಸ್ ಕಾರ್ಡ್, ಯುಪಿಎಸ್ ಎಲ್ಲ ಕೆಲಸಗಾರನ ಖರ್ಚು, ಉಳಿದ ಎರಡು ದಿನ ಗಿರಾಕಿಯ ಲಾಭ. ಊರಲ್ಲಿ ಕೂತು ಬಿಡಿ ಕೆಲಸ ಹಿಡಿಯುವವರು ಮೊದಲು ಮಾಡಬೇಕಾದ್ದು ದಿನದ ಲೆಕ್ಕ ಬಿಟ್ಟು ಶಾಟ್‌ನ ಲೆಕ್ಕದಲ್ಲಿ ದರ ಹೇಳುವುದು. ಒಬ್ಬೊಬ್ಬರೇ ಹೇಳಿದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ, ಹಾಗಾಗಿ ಹತ್ತು ಜನ ಸೇರಿಯೇ ಹೇಳಬೇಕಾಗುತ್ತದೆ.

ಸ್ಟುಡಿಯೊಗಳ ಕಡೆಯಿಂದ ಬೇಕಾದ್ದು ಬೇರೆ. ನಡುವಿನ ಚಿತ್ರವನ್ನು ಯಂತ್ರ ಹುಟ್ಟಿಸಲಿ; ಅದನ್ನು ತಿದ್ದಲು ಕಲಿಯುವವರನ್ನು ಕೂರಿಸಿ, ಅಂದಿನ ಕೆಲಸವನ್ನು ಎಲ್ಲರೂ ಕೂತು ನೋಡುವ ದಿನದ ಕೊನೆಯ ಡೈಲೀಸ್‌ನಲ್ಲಿ ಹಿರಿಯರ ಪಕ್ಕ ಕೂತು ಯಾಕೆ ತಪ್ಪು ಎಂದು ಕೇಳುವ ಅವಕಾಶ ಕೊಡಿ. ಯಂತ್ರ ಉಳಿಸಿದ ಗಂಟೆಗಳಲ್ಲಿ ಒಂದು ಪಾಲು ಇದಕ್ಕೆ ಹೋದರೆ ಹಳೆಯ ಶಾಲೆ ಬೇರೆ ರೂಪದಲ್ಲಿ ಉಳಿಯುತ್ತದೆ. ಲಾಭದ ಒತ್ತಡದಲ್ಲಿ ಯಾರೂ ತಾವಾಗಿ ಹೀಗೆ ಮಾಡುವುದಿಲ್ಲ, ಅಲ್ಲಿ ಸರ್ಕಾರದ ಪಾತ್ರ ಬರುತ್ತದೆ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ದೇಶದಲ್ಲಿ ಮೊದಲು ನೀತಿ ತಂದದ್ದು ಕರ್ನಾಟಕ. 2024–29ರ ಹೊಸ ನೀತಿಯೂ ಜಾರಿಯಲ್ಲಿದೆ. ಕಟ್ಟಡಕ್ಕೆ, ಯಂತ್ರಕ್ಕೆ, ಪ್ರಯೋಗಾಲಯಕ್ಕೆ ಹಣ ಕೊಡುವುದು ಸುಲಭ, ಉದ್ಘಾಟನೆಯ ಫೋಟೊ ಬರುತ್ತದೆ. ನಾನು ಕೇಳುವುದು ಕಲಿಯುವವರ ಮೊದಲ ವರ್ಷದ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರವೇ ಹೊರಲಿ ಎಂದು. ಹಣ ಸ್ಟುಡಿಯೊದ ಖಾತೆಗೆ ಹೋಗದೆ ನೇರ ಕಲಿಯುವವರ ಖಾತೆಗೆ ಬೀಳಲಿ, ಬೆಂಗಳೂರಿನ ಬಾಡಿಗೆ ಕೊಡಲಾರದವರು ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಕೂತು ಮಾಡಿದರೂ ಸಿಗಲಿ. ಆ ಊರುಗಳಲ್ಲಿ ಮಳೆಗಾಲದಲ್ಲೂ ಕರೆಂಟು ಕೊಡುವುದು ಇನ್ನೊಂದು ಇಲಾಖೆಯ ಕೆಲಸ, ಅದನ್ನೂ ಇದೇ ಅರ್ಜಿಯಲ್ಲಿ ಬರೆಯಬಹುದು.